ಬೇಲಿಯಾಚೆಯ ಪಾಠ

ಕರಿಯವ್ವ ಎಂಬ ಇರುವೆಗೆ ವಿದ್ಯೆ ತಲೆಗೆ ಹತ್ತುವುದಿಲ್ಲ ಎಂದು ಶಾಲೆಯಿಂದ ಅಟ್ಟಿದವರು ಗೂಡಿನ ಮೇಷ್ಟ್ರು. ಅವಳು ಬಾಗಿಲ ಹೊರಗೆ ಕೂತೇ ಕಲಿತಳು. ಬೇಲಿಯಾಚೆಯ ಗೂಡಿನವರು ನಮ್ಮ ಬೆಲ್ಲದಚ್ಚು ಕದ್ದರು, ಯುದ್ಧದಲ್ಲಿ ನಾವೇ ಗೆದ್ದೆವು ಎಂಬುದು ಮರಿಗಳಿಗೆಲ್ಲ ಬಾಯಿಪಾಠ. ಗೆದ್ದಿದ್ದರೆ ಬೆಲ್ಲವೆಲ್ಲಿ ಎಂಬ ಪ್ರಶ್ನೆ ಕರಿಯವ್ವನನ್ನು ಬಿಡಲಿಲ್ಲ. ಬೇಲಿ ದಾಟಿ, ಆಚೆಯವರ ಕಾಳಿನ ರಾಶಿಯಲ್ಲಿ ಅಡಗಿ ಕೂತು, ಅವರ ಶಾಲೆಯ ಪಾಠ ಕೇಳಿಸಿಕೊಂಡು, ದಣಿದು ಮರಳಿದಳು.

ಇರುವೆಗಳು ಗೂಡಿನೊಳಗೆ ಬಿಡುವುದು ವಾಸನೆ ನೋಡಿಯೇ. ಬಾಗಿಲಲ್ಲಿ ಮೇಷ್ಟ್ರು ಅವಳನ್ನು ಮೂಸಿದರು.

"ಥೂ, ಆಚೆಯವರ ನಾತ!"

"ನಾತ ಇರಲಿ ಮೇಷ್ಟ್ರೇ. ಅಲ್ಲೂ ಇದೇ ಪಾಠ, ಕಳ್ಳರು ಮಾತ್ರ ನಾವು. ಬೆಲ್ಲ ಅವರ ಹತ್ತಿರವೂ ಇಲ್ಲ. ಮರಿಗಳಿಗೆ ಇಷ್ಟು ಹೇಳುತ್ತೇನೆ, ಒಳಗೆ ಬಿಡಿ."

"ನಿನ್ನಂಥ ದಡ್ಡಿಯಿಂದ ನಾವು ಇತಿಹಾಸ ಕಲಿಯಬೇಕೇನೇ? ಮೈ ತೊಳೆದುಕೊಂಡು ಬಾ. ಕೇಳಿದ್ದನ್ನೂ ತೊಳೆದುಕೊಂಡು ಬಾ."

ಮೈ ತೊಳೆಯುವುದು ಸುಲಭವಿತ್ತು. ಕೇಳಿದ್ದನ್ನು ತೊಳೆಯಲು ಕರಿಯವ್ವ ಒಪ್ಪಲಿಲ್ಲ.

ಈಗ ಬೇಲಿಯ ಬುಡದಲ್ಲಿ ಅವಳದೇ ಒಂದು ಬಿಲವಿದೆ. ಎರಡೂ ಕಡೆಯ ಪಾಠ ಅವಳಿಗೆ ಬರುತ್ತದೆ. ಅದಕ್ಕಾಗಿ ಅವಳು ಕಳೆದುಕೊಂಡದ್ದು ಹುಟ್ಟಿದ ಗೂಡಿನ ಬಾಗಿಲನ್ನು.