ತೆಂಗಿನಕಾಯಿ ಹೊಡೆದವನ ಹಂದಿ ಬೇಟೆ

ಗುರಿ ತಪ್ಪುವುದು ಎಂದರೆ ಏನೆಂದು ಬೆಳ್ಯಪ್ಪನಿಗೆ ಗೊತ್ತೇ ಇರಲಿಲ್ಲ. ಕೊಡಗಿನಲ್ಲಿ ಕೈಲು ಮುಹೂರ್ತದ ಹಬ್ಬದ ದಿನ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಕೋವಿಯಿಂದ ಹೊಡೆಯುವ ಪಂದ್ಯ ಇರುತ್ತದಲ್ಲ, ಅದರಲ್ಲಿ ವರ್ಷ ವರ್ಷವೂ ಅವನದೇ ಗೆಲುವು. ಅವನ ರೈಫಲ್ಲು ಢಂ ಎಂದರೆ ಕಾಯಿ ಚೂರಾಗಿ ನೀರು ಚಿಮ್ಮಲೇಬೇಕು. ಜನ ಹೊಗಳಿ ಹೊಗಳಿ, ಮೀಸೆಯ ತುದಿ ತಿರುವುವುದು ಅವನಿಗೆ ಅಭ್ಯಾಸವೇ ಆಗಿಹೋಗಿತ್ತು.

ಇದು ನಮ್ಮ ಅಜ್ಜಂದಿರ ಕಾಲದ ಮಾತು, ಮಕ್ಕಳೇ. ಬೇಟೆಗೆ ಈಗಿನ ಹಾಗೆ ಕಾನೂನಿನ ತಡೆ ಆಗ ಇರಲಿಲ್ಲ. ಬತ್ತ ಹಣ್ಣಾಗುವ ಹೊತ್ತಿಗೆ ಕಾಡುಹಂದಿಗಳು ಗದ್ದೆಗೆ ಇಳಿದು, ತಿಂದದ್ದಕ್ಕಿಂತ ಹೆಚ್ಚು ತುಳಿದು ಹಾಳುಮಾಡುತ್ತಿದ್ದವು. ಊರ ಗಂಡಸರು ನಾಯಿಗಳನ್ನು ಕರೆದುಕೊಂಡು ಹಂದಿ ಬೇಟೆಗೆ ಹೊರಡುತ್ತಿದ್ದರು. ಅವರಿಗೆಲ್ಲ ಹಿರಿಯ ಕುಟ್ಟಯ್ಯ. ಕಣ್ಣು ಮಂಜಾದ ಮೇಲೆ ಅವನು ಕೋವಿ ಹಿಡಿಯುವುದನ್ನು ಬಿಟ್ಟಿದ್ದ. ಆದರೂ ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುತ್ತಿದ್ದವನು ಅವನೇ.

ಆ ಊರಿನ ಬೇಟೆಗೆ ಒಂದು ತಮಾಷೆಯ ಕಟ್ಟಳೆ ಇತ್ತು. ಎದುರಿಗೆ ಬಂದ ಹಂದಿಯನ್ನು ಗುರಿ ತಪ್ಪಿಯೋ ಹೊಡೆಯದೆಯೋ ಬಿಟ್ಟವನು ಎಲ್ಲರಿಗೂ ಕಾಫಿ ಕಾಯಿಸಿ ಕೊಡಬೇಕು. ಮತ್ತೊಂದು ಕಟ್ಟಳೆಯಲ್ಲಿ ಮಾತ್ರ ತಮಾಷೆ ಇರಲಿಲ್ಲ. ಹಂದಿ ಗಾಯಗೊಂಡು ಓಡಿಹೋದರೆ, ಅದು ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಗಾಯ ಮಾಡಿದವನೇ ಎಲ್ಲರಿಗಿಂತ ಮುಂದೆ ನಡೆಯಬೇಕು. ಗಾಯಗೊಂಡ ಹಂದಿ ಎದುರು ಸಿಕ್ಕವರನ್ನು ಕೋರೆಯಿಂದ ಸೀಳುತ್ತದೆ ಎಂದು ಅವರಿಗೆ ಗೊತ್ತಿತ್ತು.

ಅಂದು ಬೆಳಿಗ್ಗೆ ಹೊರಡುವ ಮುಂಚೆ ಕುಟ್ಟಯ್ಯ ಕೇಳಿದ, “ಬೆಳ್ಯಪ್ಪ, ರೈಫಲ್ಲಿಗೆ ಯಾವ ತೋಟಾ ಹಾಕಿದ್ದೀಯ?”

“ಪಂದ್ಯದ್ದೇ ಮಾವ.”

“ಅದು ಚೂಪು ಗುಂಡು. ಕಾಯಿಗೆ ಸರಿ. ಹಂದಿಗಾದರೆ ಸೂಜಿಯ ಹಾಗೆ ಈ ಕಡೆ ಹೊಕ್ಕು ಆ ಕಡೆ ಹೋಗಿಬಿಡುತ್ತದೆ. ಇಗೋ, ಇದನ್ನು ಹಾಕು. ಮೂತಿಯಲ್ಲಿ ಸೀಸ ಕಾಣುತ್ತದೆ ನೋಡು. ಇದು ಒಳಗೆ ಹೋಗಿ ಅರಳುತ್ತದೆ. ಹಂದಿ ನರಳುವುದಿಲ್ಲ.”

ಆ ಮೊಂಡು ಗುಂಡು ಬೆಳ್ಯಪ್ಪನಿಗೆ ಹೊಸದಲ್ಲ. ಹಿಂದೊಮ್ಮೆ ಮರದ ಬೊಡ್ಡೆಗೆ ಹೊಡೆದು ನೋಡಿದ್ದ. ಭಾರದ ಗುಂಡು, ಗುರಿಯಿಟ್ಟದ್ದಕ್ಕಿಂತ ಕೆಳಗೆ ಹೋಗಿ ಬಡಿದಿತ್ತು. ಅದಕ್ಕೆ ಕೈ ಒಗ್ಗಬೇಕಾದರೆ ಮೊದಲಿನಿಂದ ಕಲಿಯಬೇಕು, ಕಲಿಯುವಾಗ ನಾಲ್ಕು ಜನರ ಎದುರು ತಪ್ಪಬೇಕು. ಅದು ಅವನಿಂದಾಗದ ಕೆಲಸ.

“ಎಲ್ಲಿಗೆ ಹೊಡೀತೀಯ?” ಎಂದು ಕುಟ್ಟಯ್ಯ ಮತ್ತೆ ಕೇಳಿದ.

“ಎಲ್ಲಿಗೆ ಅಂದರೆ? ಹಂದಿಗೆ.”

“ಹಂದಿ ಬಹಳ ದೊಡ್ಡದು ಮಾರಾಯ. ಅದು ಅಡ್ಡ ನಿಂತಾಗ ಮುಂಗಾಲಿನ ಹಿಂದೆ, ಸ್ವಲ್ಪ ಕೆಳಗೆ, ಅಂಗೈ ಅಗಲದ ಜಾಗ ಇದೆ. ಹೃದಯ ಇರುವುದು ಅಲ್ಲಿ. ಅದು ಕಾಣದಿದ್ದರೆ ಬಿಟ್ಟುಬಿಡು.”

“ಬಿಟ್ಟರೆ ನಾನು ಕಾಫಿ ಕಾಯಿಸಬೇಕಲ್ಲ ಮಾವ,” ಎಂದ ಬೆಳ್ಯಪ್ಪ. ಎಲ್ಲರೂ ನಕ್ಕರು. ಹಿರಿಯರು ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಮೊಂಡು ಗುಂಡುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡ. ರೈಫಲ್ಲಿನೊಳಗೆ ಚೂಪು ಗುಂಡೇ ಉಳಿಯಿತು.

ನಾಯಿಗಳು ಮೇಲಿನ ಪೊದೆಗಳಲ್ಲಿ ಬೊಗಳತೊಡಗಿದವು. ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ಗಂಡು ಹಂದಿ ಬೆಳ್ಯಪ್ಪ ನಿಂತಿದ್ದ ಕಾಲುದಾರಿಯ ಹತ್ತಿರವೇ ಬಂತು. ಅದರ ಮುಂಭಾಗ ಪೊದೆಯಲ್ಲಿ ಮರೆಯಾಗಿತ್ತು. ಕಾಣುತ್ತಿದ್ದದ್ದು ಹಿಂಭಾಗ ಮತ್ತು ಹೊಟ್ಟೆ. ಅವನು ತೆಂಗಿನಕಾಯಿಗೆ ಹೇಗೆ ಗುರಿಯಿಡುತ್ತಿದ್ದನೋ ಹಾಗೆಯೇ ಇಟ್ಟ. ಕಂಡಷ್ಟರ ನಟ್ಟನಡುವಿಗೆ ಗುರಿಯಿಟ್ಟು ಗುಂಡು ಹಾರಿಸಿದ.

ತೆಂಗಿನಕಾಯಿಗೆ ಎಲ್ಲಿ ತಾಗಿದರೂ ಗೆಲುವೇ. ಹಂದಿಯ ನಡು ಎಂದರೆ ಹೊಟ್ಟೆ. ಹಂದಿ ಒಮ್ಮೆ ಬೆನ್ನು ಬಗ್ಗಿಸಿ ಕಿರುಚಿತು. ಬೀಳಲಿಲ್ಲ. ಇಳಿಜಾರಿನಲ್ಲಿ ಓಡಿಹೋಗಿ, ಕೆಳಗದ್ದೆಯ ಪಕ್ಕದಲ್ಲಿ ನೀರು ಹರಿಯುವ ತೋಡಿನ ಪೊದೆಗಳಲ್ಲಿ ಕಣ್ಮರೆಯಾಯಿತು.

ಬೆಳ್ಯಪ್ಪ ಹೋಗಿ ನೋಡಿದ. ಒಂದು ಎಲೆಯ ಮೇಲೆ ಸ್ವಲ್ಪ ರಕ್ತ, ಅದರ ಜೊತೆ ಅರೆದ ಸೊಪ್ಪಿನಂಥ ಹಸಿರು. ಗುಂಡು ಹೊಟ್ಟೆಯೊಳಗೆ ಹಾದುಹೋಗಿದೆ ಎಂದು ಅವನಿಗೆ ತಿಳಿಯಿತು. ಹಂದಿ ಇಂದು ಸಾಯುವುದಿಲ್ಲ, ನಾಳೆಯೋ ನಾಡಿದ್ದೋ ಸಾಯುತ್ತದೆ, ಅಲ್ಲಿಯವರೆಗೆ ನರಳುತ್ತದೆ. ಹಿಂದೆ ಜನರ ಮಾತು ಕೇಳಿಸಿತು. ಅವನು ಆ ಎಲೆಯನ್ನು ಬೂಟುಗಾಲಿನಿಂದ ಮಣ್ಣಿಗೆ ಒತ್ತಿಬಿಟ್ಟ.

“ತಾಗಿತಾ?” ಎಂದು ದೂರದಿಂದಲೇ ಕುಟ್ಟಯ್ಯ ಕೂಗಿದ.

“ಇಲ್ಲ ಮಾವ. ತಪ್ಪಿತು.”

ಜೀವಮಾನದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂದಿತ್ತು, ಅದೂ ಸುಳ್ಳಾಗಿ. ಜನರಿಗೆ ಹಬ್ಬವೇ ಆಯಿತು. ತೆಂಗಿನಕಾಯಿಗೆ ನಾಲ್ಕು ಕಾಲು ಬಂದರೆ ಹೀಗೇ ಎಂದ ಒಬ್ಬ. ಮುಂದಿನ ಸಲ ಹಂದಿಯನ್ನು ಮರಕ್ಕೆ ಕಟ್ಟಿಕೊಡುತ್ತೇವೆ ಎಂದ ಇನ್ನೊಬ್ಬ. ಬೆಳ್ಯಪ್ಪ ತಲೆ ತಗ್ಗಿಸಿ ಒಲೆ ಹೂಡಿದ. ನಗುವವರು ನಗಲಿ, ಹಂದಿಯ ಹೊಟ್ಟೆಗೆ ಹೊಡೆದವನು ಎನ್ನಿಸಿಕೊಳ್ಳುವುದಕ್ಕಿಂತ ಇದೇ ಮೇಲು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕಾಫಿ ಕುದಿಯುವಾಗ ಅವನ ಅತ್ತಿಗೆ ದೇಚಮ್ಮ ಬೆಲ್ಲ ಹಿಡಿದು ಬಂದಳು. ಅವಳ ಹಿಂದೆ ಕುಡುಗೋಲು ಹಿಡಿದ ಹೆಂಗಸರು ಇದ್ದರು.

“ಗುರಿಕಾರರ ಕೈ ಕಾಫಿ ಕುಡಿಯುವ ಪುಣ್ಯ ನಮಗೂ ಬಂತಲ್ಲ ಬೆಳ್ಯಪ್ಪ,” ಎಂದು ಅವಳು ನಕ್ಕಳು. “ಬೇಗ ಕೊಡು. ಬೇಟೆ ಮುಗಿಯಿತಂತೆ, ನಾವು ಗದ್ದೆಗೆ ಇಳಿಯುತ್ತೇವೆ.”

“ಯಾವ ಗದ್ದೆಗೆ ಅತ್ತಿಗೆ?”

“ಕೆಳಗದ್ದೆ. ತೋಡಿನ ಬದಿಯಿಂದ ಕೊಯ್ಯುತ್ತಾ ಬರುತ್ತೇವೆ.”

ಬೆಳ್ಯಪ್ಪ ಕಾಫಿ ಸುರಿಯುತ್ತಲೇ ಇದ್ದ. ಲೋಟ ತುಂಬಿ ಕೈಮೇಲೆ ಚೆಲ್ಲಿದಾಗ ಎಚ್ಚರವಾಯಿತು. ಹೆಂಗಸರು ಆಗಲೇ ಸೀರೆಯ ನೆರಿಗೆ ಎತ್ತಿ ಕಟ್ಟುತ್ತಿದ್ದರು. ಅವರು ಬಗ್ಗಿ ಕೊಯ್ಯುವ ಜಾಗಕ್ಕೂ ಹಂದಿ ಹೊಕ್ಕ ಪೊದೆಗೂ ನಡುವೆ ಒಂದು ಗದ್ದೆಬದು ಮಾತ್ರ ಇತ್ತು.

ಅವನು ಲೋಟವನ್ನು ಕೆಳಗಿಟ್ಟ.

“ಹೋಗಬೇಡಿ ಅತ್ತಿಗೆ. ಮಾವ, ನಾನು ಸುಳ್ಳು ಹೇಳಿದೆ. ತಪ್ಪಲಿಲ್ಲ, ಹೊಟ್ಟೆಗೆ ತಾಗಿದೆ. ಹಂದಿ ತೋಡಿನ ಪೊದೆಯಲ್ಲೇ ಇದೆ.”

ನಗು ನಿಂತುಹೋಯಿತು. ಕುಟ್ಟಯ್ಯ ಎದ್ದು ನಿಂತು, “ಎಲ್ಲರೂ ಲೋಟ ಇಡಿ. ಹೆಂಗಸರು ಇಲ್ಲೇ ಇರಲಿ. ಬೆಳ್ಯಪ್ಪ, ನೀನು ಮುಂದೆ ನಡೆ,” ಎಂದಷ್ಟೇ ಹೇಳಿದ.

ಬೆಳ್ಯಪ್ಪ ಚೂಪು ಗುಂಡನ್ನು ತೆಗೆದು ಜೇಬಿನಲ್ಲಿದ್ದ ಮೊಂಡು ಗುಂಡನ್ನು ಹಾಕಿದ. ಎಲ್ಲರಿಗಿಂತ ಮುಂದೆ ಪೊದೆಯ ಹತ್ತಿರ ಹೋದ. ಹಂದಿ ಕೆಸರಿನಲ್ಲಿ ಮಲಗಿ ಏದುಸಿರು ಬಿಡುತ್ತಿತ್ತು. ಅವನನ್ನು ಕಂಡು ಎದ್ದು ಎದುರಾಗಿ ನಿಂತಿತು. ಕೋರೆಹಲ್ಲು ಕಟಕಟ ಎಂದಿತು. ಬೆದರಿ ಹೊಡೆದಿದ್ದರೆ ಮತ್ತೊಂದು ಗಾಯವಾಗುತ್ತಿತ್ತು, ಅಷ್ಟೇ. ಅವನು ಕಾದ. ನಾಯಿಗಳು ಬೊಗಳಿದಾಗ ಹಂದಿ ಅತ್ತ ತಿರುಗಿತು. ಮುಂಗಾಲಿನ ಹಿಂದಿನ ಅಂಗೈ ಅಗಲದ ಜಾಗ ಕಂಡಿತು. ಗುಂಡು ಕೆಳಕ್ಕೆ ಹೋಗುತ್ತದೆಂದು ನೆನಪಿಟ್ಟು ಕೂದಲೆಳೆಯಷ್ಟು ಮೇಲೆ ಗುರಿಯಿಟ್ಟು ಹೊಡೆದ. ಹಂದಿ ನಿಂತಲ್ಲೇ ಕುಸಿಯಿತು, ಮತ್ತೆ ಏಳಲಿಲ್ಲ.

ಹೊಡೆದವನಿಗೆ ಹಂದಿಯ ತಲೆ ಕೊಡುವುದು ಅಲ್ಲಿನ ಪದ್ಧತಿ. ಬೆಳ್ಯಪ್ಪ ಅದನ್ನು ಮುಟ್ಟಲಿಲ್ಲ. “ಇದು ಬೆಳಗಿನಿಂದ ಪಟ್ಟ ಪಾಡಿಗೆ ನಾನೇ ಕಾರಣ, ನನಗೆ ಬೇಡ ಮಾವ,” ಎಂದ. ಅವನ ಕಣ್ಣಲ್ಲಿ ನೀರಿತ್ತು. ಕುಟ್ಟಯ್ಯ ಅವನ ಬೆನ್ನ ಮೇಲೆ ಕೈಯಿಟ್ಟ.

ಆಮೇಲೆ ಬೆಳ್ಯಪ್ಪ ದಿನವೂ ಮರದ ಬೊಡ್ಡೆಯ ಮುಂದೆ ನಿಂತು ಮೊಂಡು ಗುಂಡಿಗೆ ಕೈ ಒಗ್ಗಿಸಿಕೊಂಡ. ನಾಲ್ಕು ಜನರ ಎದುರೇ ತಪ್ಪಿದ, ನಾಲ್ಕು ಜನರ ಎದುರೇ ಕಲಿತ.

ಮುಂದಿನ ಬೇಟೆಯಲ್ಲಿ ಮತ್ತೊಂದು ಹಂದಿ ಅವನ ಎದುರಿಗೇ ಬಂತು. ಪೊದೆಯ ಸಂದಿಯಲ್ಲಿ ಅದರ ಹಿಂಭಾಗ ಮಾತ್ರ ಕಾಣುತ್ತಿತ್ತು. ಬೆಳ್ಯಪ್ಪ ರೈಫಲ್ಲನ್ನು ಕೆಳಗಿಳಿಸಿದ. ಹಂದಿ ತನ್ನ ಪಾಡಿಗೆ ತಾನು ಕಾಡು ಸೇರಿತು.

ಓಡಿಬಂದ ಜನ, “ಇಷ್ಟು ಹತ್ತಿರ ಬಂದದ್ದನ್ನು ಬಿಟ್ಟೆಯಲ್ಲ,” ಎಂದು ಗೇಲಿ ಮಾಡಿದರು. ಅವನು ನಗುತ್ತಾ ಒಲೆ ಹೂಡಿ ಎಲ್ಲರಿಗೂ ಕಾಫಿ ಕೊಟ್ಟ. ಕುಟ್ಟಯ್ಯ ಒಂದು ಗುಟುಕು ಕುಡಿದು, “ಇವತ್ತಿನ ಕಾಫಿ ಸರಿಯಾಗಿದೆ,” ಎಂದ. ನಂತರ ಬೇಟೆಯ ಹಿರಿಯನ ಗುರುತಾದ ತನ್ನ ಚೀಲವನ್ನು ಹೆಗಲಿಂದ ತೆಗೆದು ಬೆಳ್ಯಪ್ಪನ ಹೆಗಲಿಗೆ ಹಾಕಿದ. ಅಲ್ಲಿಂದಾಚೆಗೆ ಬೇಟೆಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವನು ಬೆಳ್ಯಪ್ಪನಾದ.

ನೀತಿ: ತಪ್ಪಿಹೋದರೆ ಜನ ನಕ್ಕಾರು ಎಂದು ಹೆದರಿ, ಅರೆಬರೆ ತಾಗಿಸಿ ಗಾಯ ಮಾಡಬಾರದು. ಸರಿಯಾದ ಜಾಗ ಕಾಣದಾಗ ಕೈ ತಡೆಯುವವನೇ ಗುರಿಕಾರ. ಕೈ ಮೀರಿ ಗಾಯ ಮಾಡಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಅದರ ಹಿಂದೆ ತಾನೇ ಮೊದಲು ನಡೆಯಬೇಕು. ಇದು ಗುಂಡಿಗೆ ಎಷ್ಟು ನಿಜವೋ ಆಡುವ ಮಾತಿಗೂ ಅಷ್ಟೇ ನಿಜ.