ಕಾಶವ್ವನ ಕಟ್ಟೆ ಮತ್ತು ಮನಸ್ಸು ಕೇಳುವ ಅಧಿಕಾರಿ

ಒಂದಾನೊಂದು ಊರಿನಲ್ಲಿ ಒಂದು ಗುಂಡುಕಲ್ಲು ಇತ್ತು. ಊರು ಎಲ್ಲಿತ್ತು ಅಂತ ಕೇಳಬೇಡಿ, ಕಲ್ಲಿನ ಸುತ್ತ ಇತ್ತು. ಆ ಕಲ್ಲು ಏನೂ ಮಾಡುತ್ತಿರಲಿಲ್ಲ. ಬೇರೆ ಊರಿನ ಕಲ್ಲುಗಳೂ ಏನೂ ಮಾಡುವುದಿಲ್ಲ, ನಿಜ. ಆದರೆ ಇದು ಬಹಳ ಶ್ರದ್ಧೆಯಿಂದ ಏನೂ ಮಾಡುತ್ತಿರಲಿಲ್ಲ. ಅದನ್ನು ನೋಡಲು ದೇಶದ ಮೂಲೆ ಮೂಲೆಯಿಂದ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಬಂದವರು ಕಲ್ಲು ನೋಡುತ್ತಿದ್ದರು. "ಹೌದು, ಏನೂ ಮಾಡ್ತಿಲ್ಲ" ಅನ್ನುತ್ತಿದ್ದರು. ಆಮೇಲೆ ಕೂರಲು ನೆರಳು ಹುಡುಕುತ್ತಿದ್ದರು.

ನೆರಳು ಇದ್ದದ್ದು ಕಾಶವ್ವನ ಮನೆಯ ಕಟ್ಟೆಯ ಮೇಲೆ. ಕಾಶವ್ವ ಕಲ್ಲಿನ ಎದುರು ಮನೆಯವಳು. ಬೆಳಗಿನಿಂದ ರೊಟ್ಟಿ ಬಡಿದು ಬಡಿದು ಅವಳ ತೋಳುಗಳು ಸೋತಿರುತ್ತಿದ್ದವು. ಅವಳಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ. ಮಧ್ಯಾಹ್ನ ಉಂಡು, ಆ ಕಟ್ಟೆಯ ಮೇಲೆ ಕಾಲು ಚಾಚಿ, ಒಂದು ನಿದ್ದೆ. ಕಟ್ಟೆಗೂ ಅದೇ ಬೇಕಾಗಿತ್ತು. ಆ ಕಾಲದಲ್ಲಿ ಕಟ್ಟೆಗಳು ಮಾತಾಡುತ್ತಿದ್ದವು. ಈಗಲೂ ಆಡುತ್ತವೆ, ಮೇಲೆ ಕೂತವರ ಗದ್ದಲದಲ್ಲಿ ಕೇಳಿಸುವುದಿಲ್ಲ.

"ಕಾಶವ್ವಾ, ಏಳ್ರಿ ಅಂತ ಒಂದ ಮಾತ ಹೇಳ. ನನ್ನ ಬೆನ್ನ ಮುರದ ಹೋತು" ಅಂತು ಕಟ್ಟೆ.

"ಸುಮ್ಕಿರ. ಬಂದವ್ರಿಗೆ ಏಳ್ರಿ ಅನ್ನಾಕ ಬರ್ತೈತೇನ?" ಅಂದಳು ಕಾಶವ್ವ.

ಆ ಊರಿನ ರೀತಿಯೇ ಹಾಗೆ. ಬಂದವರ ಮುಂದೆ 'ತ್ರಾಸು' ಅನ್ನುವ ಮಾತು ಯಾರ ಬಾಯಿಂದಲೂ ಹೊರಡುತ್ತಿರಲಿಲ್ಲ. ಅತಿಥಿ ಇದ್ದಾಗ ಮನೆಗೆ ಬೆಂಕಿ ಬಿದ್ದರೆ, "ಸ್ವಲ್ಪ ಬೆಚ್ಚಗ ಆಗೈತ್ರಿ" ಅನ್ನುತ್ತಿದ್ದರು.

ಇನ್ನು ಆ ದೇಶದ ರಾಜ. ಬೇರೆ ರಾಜರು ಬಂಗಾರ ಕೂಡಿಟ್ಟರೆ ಇವನು ಅಭಿಪ್ರಾಯ ಕೂಡಿಡುತ್ತಿದ್ದ. ಒಂದು ದಿನ ಅಧಿಕಾರಿ ಪದ್ಮರಾಜಯ್ಯನನ್ನು ಕರೆದ. "ಕಲ್ಲು ನೋಡೋಕೆ ಎಷ್ಟು ಜನ ಹೋಗ್ತಾರೆ ಅನ್ನೋ ಲೆಕ್ಕ ನನಗೆ ಬೇಡ. ಲೆಕ್ಕಕ್ಕೆ ಹೃದಯ ಇಲ್ಲ. ಅದರಿಂದ ಊರವರಿಗೆ ಏನನ್ನಿಸುತ್ತೆ, ಅದನ್ನ ತಗೊಂಡು ಬಾ" ಅಂದ.

ಪದ್ಮರಾಜಯ್ಯನಿಗೆ ಒಂದು ವಿದ್ಯೆ ಗೊತ್ತಿತ್ತು. ಯಾರು ಏನು ಹೇಳಿದರೂ ಅದನ್ನು ತನ್ನ ಶಲ್ಯದ ಅಂಚಿಗೆ ಗಂಟು ಹಾಕಿಕೊಳ್ಳುತ್ತಿದ್ದ. ಅರಮನೆಯಲ್ಲಿ ಗಂಟು ಬಿಚ್ಚಿದರೆ ಅದೇ ಮಾತು, ಅದೇ ದನಿಯಲ್ಲಿ, ನಡುವಿನ ಕೆಮ್ಮಿನ ಸಮೇತ ಹೊರಗೆ ಬರುತ್ತಿತ್ತು.

ಅವನು ಊರಿಗೆ ಬಂದ. ಕಟ್ಟೆಯ ಮೇಲೆ ಕಾಶವ್ವನಿಗೆ ಅಂತ ಗೇಣಗಲ ಜಾಗ ಉಳಿದಿತ್ತು. ಅವಳು ಎದ್ದು ಆ ಜಾಗದಲ್ಲಿ ಅವನನ್ನು ಕೂರಿಸಿದಳು.

"ಹೊರಗಿನವರು ಬರೋದು ನಿಮಗೆ ಹೇಗನ್ನಿಸುತ್ತೆ? ಮನಸ್ಸು ಬಿಚ್ಚಿ ಹೇಳಿ ತಾಯಿ" ಅಂದ ಪದ್ಮರಾಜಯ್ಯ.

ಕಾಶವ್ವನ ಮನಸ್ಸಿನಲ್ಲಿ ಒಂದು ದೊಡ್ಡ ಮಾತು ಎದ್ದು ನಿಂತಿತು. ಗಂಟಲವರೆಗೂ ಬಂತು. ಆದರೆ ಕೇಳುವವನೂ ಹೊರಗಿನಿಂದ ಬಂದವನೇ ಅಲ್ಲವೇ? ಮಾತು ಅವನ ಮುಖ ನೋಡಿತು, ನಾಚಿತು, ತಾನು ಒಳಗೆ ಹೋಗಿ ತನ್ನ ತಂಗಿಯನ್ನು ಹೊರಗೆ ಕಳಿಸಿತು.

"ಬರ್ಲಿ ಬಿಡ್ರಿ. ಮಂದಿ ಬಂದ್ರ ಛಲೋನ ಅಲ್ರಿ? ಚಾ ಕುಡೀರಿ."

ಪದ್ಮರಾಜಯ್ಯ ಗಂಟು ಹಾಕಿದ. ಮನೆ ಮನೆಗೂ ಹೋಗಿ ಗಂಟು ಹಾಕಿದ, ಮನೆ ಮನೆಯಲ್ಲೂ ಚಾ ಕುಡಿದ. ಅರಮನೆಯಲ್ಲಿ ಗಂಟುಗಳನ್ನು ಬಿಚ್ಚಿದಾಗ ಆಸ್ಥಾನದ ತುಂಬ "ಬರ್ಲಿ ಬಿಡ್ರಿ, ಬರ್ಲಿ ಬಿಡ್ರಿ" ಅಂತ ಕೇಳಿಸಿತು. ರಾಜನ ಕಣ್ಣು ತುಂಬಿ ಬಂತು. "ಪಾಪ, ಎಷ್ಟು ಆಸೆಪಡ್ತಿದ್ದಾರೆ. ಇನ್ನಷ್ಟು ಬಂಡಿ ಕಳಿಸಿ" ಅಂದ.

ಇನ್ನಷ್ಟು ಬಂಡಿ ಬಂದವು. ಕಟ್ಟೆಯ ಮೇಲೆ ಜನ, ಜನರ ತೊಡೆಯ ಮೇಲೆ ಜನ. ಕಟ್ಟೆ ಅತ್ತಿತು. ಕಾಶವ್ವ ನಿಂತೇ ತೂಕಡಿಸುವುದನ್ನು ಕಲಿತಳು.

ಪದ್ಮರಾಜಯ್ಯ ಮತ್ತೆ ಬಂದ. "ಈಗ ಹೇಗನ್ನಿಸುತ್ತೆ? ಇಕ್ಕಟ್ಟಾಗ್ತಿದೆಯಾ?"

ಇಷ್ಟು ನೇರವಾಗಿ ಕೇಳಿದ ಮೇಲಾದರೂ ಹೇಳಬೇಕು ತಾನೆ? ಕಾಶವ್ವ ಬಾಯಿ ತೆರೆದಳು. "ಇಕ್ಕಟ್ಟ್ಯಾಕ್ರಿ? ಒಳಗ ಬರ್ರಿ, ನಿಮ್ಮ ಮನಿ ಅಂತ ತಿಳ್ಕೋರಿ" ಅಂದಳು. ಅಂದು, ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡಳು. ಅಷ್ಟರಲ್ಲಿ ಗಂಟು ಬಿದ್ದಾಗಿತ್ತು.

ರಾಜ ಆ ಗಂಟು ಬಿಚ್ಚಿ ಕೇಳಿದ. ಊರವರ ಮನಸ್ಸು ಮೀರಿ ನಡೆಯುವ ರಾಜ ಅವನಲ್ಲ. ಬಂದವರೆಲ್ಲ ಆ ಮನೆಗಳನ್ನು ತಮ್ಮದೇ ಅಂತ ತಿಳಿಯತಕ್ಕದ್ದು ಅಂತ ಡಂಗುರ ಹೊಡೆಸಿದ. ಅವರು ತಿಳಿದರು.

ಕಾಶವ್ವ ಊರವರ ಜೊತೆ ಊರ ಅಗಸಿಬಾಗಿಲ ಹೊರಗೆ, ಜಾಲಿಮರದ ಕೆಳಗೆ ಬಂದು ಕೂತಳು. ಜಾಲಿಯ ನೆರಳು ಎಷ್ಟು ಅಂತ ನಿಮಗೆ ಗೊತ್ತಲ್ಲ. ಅವಳಿಗೆ ದುಃಖ ಉಕ್ಕಿ ಬಂತು. "ನನ್ನ ಕಟ್ಟಿ ಮ್ಯಾಲ ನನಗ ಜಾಗಾ ಇಲ್ಲ. ನನ್ನ ಬಾಯೀನ ನನಗ ವೈರಿ ಆತು" ಅಂತ ಅತ್ತಳು. ಅಷ್ಟರಲ್ಲಿ ದಾರಿಯಲ್ಲಿ ಹೊಸ ಬಂಡಿಯೊಂದು ಬಂತು. ಕಾಶವ್ವ ಕಣ್ಣು ಒರೆಸಿಕೊಂಡು, "ಬರ್ರಿ, ಹಿಂಗ ಸೀದಾ ಹೋಗ್ರಿ, ಎಡಕ್ಕ ಕಲ್ಲ ಕಾಣ್ತೈತಿ" ಅಂದಳು.

ಪದ್ಮರಾಜಯ್ಯ ಮೂರನೆಯ ಸಲ ಬಂದ. ಮರದ ಕೆಳಗೆ ಕೂತವರನ್ನು ಅವನು ಕೇಳಲಿಲ್ಲ. ಊರವರನ್ನು ಕೇಳಬೇಕು, ಊರವರು ಅಂದರೆ ಊರೊಳಗೆ ಇರುವವರು. ಕಾಶವ್ವನ ಕಟ್ಟೆಯ ಮೇಲೆ ದಿಂಬಿಗೆ ಒರಗಿ ಒಬ್ಬ ಹತ್ತಿ ಸಾಹುಕಾರ ಕೂತಿದ್ದ. ಕಲ್ಲು ನೋಡಲು ಬಂದು ಅಲ್ಲೇ ಉಳಿದವನು.

"ಹೊರಗಿನವರು ಬರೋದು ನಿಮಗೆ ಹೇಗನ್ನಿಸುತ್ತೆ?"

"ಬೇಡವೇ ಬೇಡ" ಅಂದ ಸಾಹುಕಾರ. "ಮಧ್ಯಾಹ್ನ ಒಂದು ನಿದ್ದೆ ಮಾಡೋಕೆ ಬಿಡಲ್ಲ. ಹೊರಗಿಂದ ಬಂದವರೆಲ್ಲ ಇವತ್ತೇ ತೊಲಗಲಿ." ಚಾ ಸಹ ಕೊಡಲಿಲ್ಲ.

ಗಂಟು ಬಿಚ್ಚಿದಾಗ ಆಸ್ಥಾನ ನಡುಗಿತು. "ಇದು ಮನದಾಳದ ಮಾತು" ಅಂದ ರಾಜ. ಹೊರಗಿನಿಂದ ಬಂದವರೆಲ್ಲರನ್ನೂ ಅವತ್ತೇ ಹೊರಡಿಸಲು ಸಿಪಾಯಿಗಳನ್ನು ಕಳಿಸಿದ.

"ನಾನು ಊರವನು" ಅಂದ ಸಾಹುಕಾರ.

"ಈ ಊರಿಗೆ ಯಾವಾಗ ಬಂದಿರಿ?"

"ಬೇಸಿಗೆಯಲ್ಲಿ ಬಂದೆ."

"ಬಂದಿರಲ್ಲ. ಹಾಗಾದರೆ ಹೊರಡಿ."

ಹೀಗೆ ಎಲ್ಲರೂ ಹೊರಟರು. ಆಮೇಲೆ ಸಿಪಾಯಿಗಳಿಗೆ ತಾವೂ ಬಂದವರೇ ಅಂತ ಹೊಳೆಯಿತು. ಒಬ್ಬರನ್ನೊಬ್ಬರು ಹೊರದಬ್ಬಿದರು. ಕೊನೆಗೆ ಉಳಿದವನು ತನ್ನ ಕುತ್ತಿಗೆಪಟ್ಟಿ ತಾನೇ ಹಿಡಿದು ತನ್ನನ್ನು ಎಳೆದುಕೊಂಡು ಹೋದ.

ಊರು ಖಾಲಿಯಾಯಿತು. ತಡೆಯಲು ಯಾರೂ ಇರಲಿಲ್ಲವಾದ್ದರಿಂದ ಊರವರು ಎದ್ದು ಮನೆಗೆ ಬಂದರು. ಕಾಶವ್ವ ಕಟ್ಟೆ ಗುಡಿಸಿದಳು, ನೀರು ಚಿಮುಕಿಸಿದಳು, ಉದ್ದಕ್ಕೆ ಕಾಲು ಚಾಚಿದಳು. ಕಣ್ಣಿಗೆ ನಿದ್ದೆ ಇಳಿಯುತ್ತಿತ್ತು.

"ತಾಯೀ, ಈಗ ಯಾರೂ ಬರೋದಿಲ್ಲ. ಹೇಗನ್ನಿಸುತ್ತೆ?"

ಬಿಸಿಲಿನಲ್ಲಿ ಪದ್ಮರಾಜಯ್ಯ ನಿಂತಿದ್ದ. ಬೆವರು ಸುರಿಯುತ್ತಿತ್ತು. ಕಾಶವ್ವನಿಗೆ ಕನಿಕರ ಬಂತು. ನಾಲಗೆಯ ತುದಿಗೆ 'ಬರ್ರಿ, ಕೂಡ್ರಿ' ಬಂದು ನಿಂತಿತು.

"ಕಾಶವ್ವಾ" ಅಂತು ಕಟ್ಟೆ, ಮೆಲ್ಲಗೆ.

ಕಾಶವ್ವ ಮಾತು ನುಂಗಿದಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೊರಕೆ ಹೊಡೆದಳು. ಮೊದಲನೆಯ ಗೊರಕೆ ಸುಳ್ಳು. ಎರಡನೆಯದು ನಿಜ.

ಪದ್ಮರಾಜಯ್ಯ ಅದನ್ನೇ ಗಂಟು ಹಾಕಿಕೊಂಡು ಹೋದ. ಅರಮನೆಯಲ್ಲಿ ಗಂಟು ಬಿಚ್ಚಿದರು. ಗೊರಕೆ ಆಸ್ಥಾನದ ತುಂಬ ಹರಡಿತು. ಮಂತ್ರಿ ಆಕಳಿಸಿದ, ಸೇನಾಪತಿ ಆಕಳಿಸಿದ, ರಾಜ ಸಿಂಹಾಸನದಲ್ಲೇ ಮಲಗಿದ. ಇನ್ನೂ ಎದ್ದಿಲ್ಲ. ಅವನು ಮಲಗಿದ ಮೇಲೆ ದೇಶ ಚೆನ್ನಾಗಿ ನಡೆಯುತ್ತಿದೆಯಂತೆ.

ಇದರ ನೀತಿ ಏನಪ್ಪಾ ಅಂದರೆ, ಯಾರಾದರೂ ಮನಸ್ಸು ಬಿಚ್ಚಿ ಹೇಳಿ ಅಂದರೆ ಮೊದಲು ಮಲಗಿಕೊಳ್ಳಿ. ಕತೆ ಇಲ್ಲಿಗೆ ಮುಗಿಯಿತು. ಹೇಗಿತ್ತು ಅಂತ ನಾನು ಕೇಳುವುದಿಲ್ಲ. ಕೇಳಿದರೆ ನೀವು ಚೆನ್ನಾಗಿತ್ತು ಅಂತೀರಿ.