ಧಾರೆ ಕೈಯ ದ್ಯಾವಣ್ಣ

ಒಂದಾನೊಂದು ಊರಿನಲ್ಲಿ, ಪಕ್ಕದ ಊರಲ್ಲಲ್ಲ ಮತ್ತೆ, ಆ ಊರಲ್ಲೇ, ದ್ಯಾವಣ್ಣ ಅಂತ ಒಬ್ಬನಿದ್ದ. ಅವನ ಅಂಗೈ ಬೆವರೋದು. ಎಲ್ಲರದ್ದೂ ಬೆವರುತ್ತೆ ಬಿಡಿ ಅಂತೀರಾ? ಸುಮ್ನೆ ಕೇಳ್ರಪ್ಪ! ಇವನು ನಿಂತು ಕೈ ಮುಗಿದ್ರೆ ಕಾಲ ಬುಡದಲ್ಲಿ ಸೊಪ್ಪು ಚಿಗುರೋದು. ಅಂಥಾ ಕೈ!

ಆ ಊರಿನ ರಾಜನಿಗೆ ಹೋಳಿಗೆ ಹುಚ್ಚು. ಮದುವೆ ಆದ್ರೆ ತಾನೆ ಹೋಳಿಗೆ? ಅದಕ್ಕೇ ಡಂಗುರ ಹೊಡೆಸಿದ್ದ: "ಹಿಡಿದ ಕೈ ಮೇಲೆ ನೀರು ಬಿದ್ರೆ ಧಾರೆ ಎರೆದ ಹಾಗೆ. ಮದುವೆ ಆಯ್ತು. ಅರಮನೆಗೆ ಹೋಳಿಗೆ ಕಳಿಸಿ!"

ದ್ಯಾವಣ್ಣ ಬೆಳಗ್ಗೆ ಎದ್ದು ಒನಕೆ ಹಿಡಿದ. ತೊಟ ತೊಟ ನೀರು ಬಿತ್ತು.

"ಇನ್ಮೇಲೆ ನೀವೇ ನಮ್ಮ ಯಜಮಾನ್ರು," ಅಂತ ಒನಕೆ ತಲೆ ಬಗ್ಗಿಸಿತು. ರಾಜ ಹೋಳಿಗೆ ತಿಂದ.

ಪೊರಕೆ ಹಿಡಿದ. ಅದೂ ಹೆಂಡತಿ ಆಯ್ತು. ರಾಜ ಹೋಳಿಗೆ ತಿಂದ. ಎಮ್ಮೆ ಕೊಂಬು ಹಿಡಿದ. ಎಮ್ಮೆ ನಾಚಿಕೊಂಡು ಸೆರಗು ಹುಡುಕಿತು. ರಾಜ ಹೋಳಿಗೆ ತಿಂದ, ತುಪ್ಪ ಹಾಕ್ಕೊಂಡು.

ಬೇರೆಯವನಾಗಿದ್ರೆ ಊರು ಬಿಟ್ಟು ಓಡ್ತಿದ್ದ. ದ್ಯಾವಣ್ಣ ಚಿನ್ನದಂಥ ಮನುಷ್ಯ. ಸಂತೆಗೆ ಹೋದ್ರೆ ಮೂವರಿಗೂ ಹೂವು ತರೋನು. ಎಮ್ಮೆ ತನ್ನ ಪಾಲು ತಿಂದುಬಿಡೋದು.

ಆದ್ರೆ ಅವನ ಮನಸ್ಸೆಲ್ಲ ಬಳೆ ತೊಡಿಸೋ ಹೊನ್ನಿ ಮೇಲೆ. ಹೊನ್ನಿಗೂ ಅವನೇ ಬೇಕು. ಅವಳಪ್ಪ ಮಾತ್ರ, "ಒನಕೆಗೆ ಸವತಿಯಾಗಿ ನನ್ನ ಮಗಳನ್ನ ಕೊಡಲ್ಲ!" ಅಂದುಬಿಟ್ಟ.

ದ್ಯಾವಣ್ಣ ಕೈಗೆ ಬೂದಿ ಬಳಿದ. ಕೆಸರಾಯ್ತು. ವೈದ್ಯರ ಹತ್ರ ಹೋದ. "ಬೆವರಬಾರದು, ಬೆವರಬಾರದು ಅಂತ ಜಪ ಮಾಡು," ಅಂದರು. ಜಪ ಮಾಡಿದ. ವೈದ್ಯರ ಮಂಚ ತೇಲಿಹೋಯ್ತು.

"ಹಾಗೆ ಗದರಿಸಿದ್ರೆ ನಮಗೆ ಗಾಬರಿ ಆಗಲ್ವಾ? ಗಾಬರಿ ಆದ್ರೆ ಇನ್ನೂ ಬೆವರಲ್ವಾ?" ಅಂತ ಅಂಗೈಗಳು ಕೇಳಿದವು. ನ್ಯಾಯವೇ ತಾನೆ?

ಹೊನ್ನಿ ದ್ಯಾವಣ್ಣನನ್ನ ಅಂಗಿ ಹಿಡಿದು ಎಳ್ಕೊಂಡು ನೆಟ್ಟಗೆ ಅರಮನೆಗೆ ಹೋದಳು. "ಬುದ್ಧೀ, ಇವನ ಕೈ ಬೆವರೋದೇ ಇಲ್ಲ. ಮದುವೆ ಆಗದೇನೇ ನೀವು ಹೋಳಿಗೆ ತಿಂದಿದ್ದೀರಿ," ಅಂದಳು.

ರಾಜನಿಗೆ ರೇಗಿತು. "ಯಾವಳೇ ಹಾಗಂದೋಳು?" ಅಂತ ಎದ್ದು ದ್ಯಾವಣ್ಣನ ಕೈ ಗಪ್ಪನೆ ಹಿಡಿದ. ತೊಟ ತೊಟ ತೊಟ.

"ಮದುವೆ ಆಯ್ತು," ಅಂದಳು ಹೊನ್ನಿ. "ಕೈ ಕೊಡಿ ಬುದ್ಧೀ, ಹಸಿರು ಬಳೆ ತೊಡಿಸ್ತೀನಿ. ಮನೇಲಿ ಒನಕೆ ಅಕ್ಕ ದೊಡ್ಡೋರು, ಅವರು ಹೇಳಿದ ಹಾಗೆ ಕೇಳ್ಕೊಂಡಿರಿ. ಹೋಳಿಗೆ ತಟ್ಟೋದು ಇನ್ಮೇಲೆ ನೀವೇ."

ಅಬ್ಬಬ್ಬಾ, ಏನು ತಲೆ ಆ ಹುಡುಗೀದು! ನನಗಂತೂ ಅವಳನ್ನ ನೆನೆಸಿಕೊಂಡ್ರೆ ಈಗಲೂ ಖುಷಿ ಆಗುತ್ತೆ.

ಈಗ ರಾಜನ ಅಂಗೈಯೂ ಬೆವರಿತು. "ಕಟ್ಟಳೆ ರದ್ದು, ಅದರಿಂದಾದ ಮದುವೆಗಳೆಲ್ಲ ರದ್ದು!" ಅಂತ ಕಿರುಚಿದ. "ನೀರು ಬಿದ್ರೆ ಸಾಲದು, ಇಬ್ಬರೂ ಬಾಯಿಬಿಟ್ಟು ಒಪ್ಪಬೇಕು!"

ದ್ಯಾವಣ್ಣ ಅಲ್ಲೇ ಕೈಯನ್ನ ಪಂಚೆಗೆ ಒರೆಸ್ಕೊಂಡ, ಒರೆಸ್ಕೊಂಡ, ಒರೆಸ್ಕೊಂಡ. "ಹೊನ್ನಿ, ನಂಗೆ ಒಪ್ಪಿಗೆ. ನಿಂಗೆ? ಒಂದು ಗಳಿಗೆ ತಡಿ, ಕೈ ಒಣಗಲಿ."

"ಅದು ಒಣಗೋ ಹೊತ್ತಿಗೆ ನಾನು ಮುದುಕಿ ಆಗ್ತೀನಿ. ತಾ ಇತ್ತ," ಅಂತ ಒದ್ದೆ ಕೈಯನ್ನೇ ಹಿಡಿದಳು. "ಒಪ್ಪಿಗೆ."

ನೀತಿ ಬೇಕಾ? ಹಿಡಿಯೋಳಿಗೆ ಮನಸ್ಸಿದ್ರೆ ಒದ್ದೆ ಕೈ ಜಾರಲ್ಲ. ಸುಳ್ಳು ಅನ್ನೋರು ಕೈ ಒಣಗಿಸ್ಕೊಂಡು ಕೂತಿರಿ, ನಾನು ಹೊರಟೆ.